ದೇವಾನಾಂಪ್ರಿಯರು ಒಳಗಿದ್ದಾರೆ

ಸಣ್ಣ ಕಾಲೇಜಿನಲ್ಲಿ ಪ್ರಾಕ್ಸಿ ಹೊಡೆಯಲು ಎದೆಗಾರಿಕೆ ಬೇಕು. ನೂರಾರು ಜನ ಕೂರುವ ತರಗತಿಯಲ್ಲಿ ಯಾರ ಹೆಸರಿಗೆ ಯಾರು ‘ಎಸ್ ಸರ್’ ಎಂದರೂ ನಡೆದುಹೋಗುತ್ತದೆ. ಕೊಪ್ಪಳದ ನಮ್ಮ ಬಿ.ಎ. ತರಗತಿಯಲ್ಲಿ ನಾಲ್ಕು ಬೆಂಚು ತುಂಬಿದರೆ ಅಂದು ಹಬ್ಬ. ಮೇಲಾಗಿ ಉಪನ್ಯಾಸಕರಲ್ಲಿ ಒಬ್ಬರು ಕಿನ್ನಾಳದವರು, ಇನ್ನೊಬ್ಬರು ಭಾಗ್ಯನಗರದವರು. ಯಾವ ಹುಡುಗ ಯಾರ ಮೊಮ್ಮಗ, ಯಾರ ಸೋದರಳಿಯ ಎಂಬುದು ಅವರಿಗೆ ಹಾಜರಿ ಪುಸ್ತಕ ತೆರೆಯದೆಯೇ ಗೊತ್ತು.

ಹೀಗಾಗಿ ನಮಗೊಂದು ಗುಪ್ತಭಾಷೆ ಬೇಕಾಯಿತು. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿರುವ ಊರು ನಮ್ಮದು, ಪದಗಳಿಗೇನು ಬರ? ತರಗತಿಗೆ ಚಕ್ಕರ್ ಹೊಡೆದರೆ ಅದು ‘ಶಾಸನ ಓದುವುದು’. ಎರಡು ದಿನಕ್ಕೊಮ್ಮೆ ನೋಟಿಸ್ ಬೋರ್ಡಿಗೆ ಹೊಸ ಆಜ್ಞೆ ಅಂಟಿಸುವ ಪ್ರಾಂಶುಪಾಲರಿಗೆ ಅಶೋಕನದೇ ಬಿರುದು, ‘ದೇವಾನಾಂಪ್ರಿಯ’. ಇಂಟರ್ನಲ್ಸ್‌ನಲ್ಲಿ ಡುಮ್ಕಿ ಹೊಡೆದವನು ‘ಬ್ರಾಹ್ಮಿ’, ಏಕೆಂದರೆ ಅವನು ಬರೆದದ್ದನ್ನು ಓದಲು ತಜ್ಞರೇ ಬರಬೇಕು. ಇತಿಹಾಸ ವಿಭಾಗದಿಂದ ನಾಡಿಗೆ ಸಂದ ಕೊಡುಗೆ, ನನ್ನ ಅಂದಾಜಿನಲ್ಲಿ, ಇಷ್ಟೇ.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಗೇಟಿನ ಬಳಿ ಗಂಟೆ ಬಾರಿಸುವ ಕಾಕಾ ತಗ್ಗಿದ ದನಿಯಲ್ಲಿ, ‘ತಮ್ಮಾ, ಇವತ್ತು ಶಾಸನ ಓದಲು ಹೋಗಬೇಡಿ, ದೇವಾನಾಂಪ್ರಿಯರು ಒಳಗಿದ್ದಾರೆ’ ಎಂದರು.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂತು. ತೇರಿನ ದಿನ ಕಾಲೇಜಿನತ್ತ ನೊಣವೂ ಸುಳಿಯುವುದಿಲ್ಲ, ಅದರಲ್ಲಿ ವಿಶೇಷವಿಲ್ಲ. ಕಷ್ಟವೆಲ್ಲ ಅದರ ನಂತರದ್ದು. ಊರೂರಿನಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ, ಮಾದಲಿ ಬಂದು ಬೀಳುತ್ತಿರುವಾಗ, ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಿರುವಾಗ, ಮೌರ್ಯರ ತೆರಿಗೆ ಪದ್ಧತಿಯನ್ನು ಕೇಳುತ್ತಾ ಕೂರುವುದು ಯಾರಿಂದ ಸಾಧ್ಯ? ನಮ್ಮ ಗೆಳೆಯನೊಬ್ಬ ಬಡಿಸಲು ಹೋದ. ಹಿಂದಿನ ಬೆಂಚಿನವನು ದನಿ ಬದಲಿಸಿ ಅವನ ಹಾಜರಿ ಕೂಗಿದ.

ಸರ್ ತಲೆ ಎತ್ತದೆ ಗುರುತು ಹಾಕಿಕೊಂಡು ಪಾಠ ಮುಗಿಸಿದರು. ಹೊರಡುವಾಗ ಮಾತ್ರ ಹಿಂದಿನ ಬೆಂಚಿನತ್ತ ತಿರುಗಿ, ‘ಬೆಳಿಗ್ಗೆ ನಮ್ಮ ಅವ್ವ ದಾಸೋಹದಿಂದ ಫೋನ್ ಮಾಡಿದ್ದರು. ನಿಮ್ಮ ಹುಡುಗ ಬಹಳ ಸಂಭಾವಿತ, ಕೇಳದೆಯೇ ಎರಡು ಮಿರ್ಚಿ ಹೆಚ್ಚು ಹಾಕಿದ, ಕಾಲೇಜಿಗೆ ರಜೆಯಂತೆ ಎಂದರು’ ಎಂದರು.

‘ಸರ್, ಅವನು ಈಗಷ್ಟೇ ಎದ್ದು ಹೋದ.’

‘ಶಾಸನ ಓದಲಿಕ್ಕಾ?’

ಸೆಮಿಸ್ಟರ್ ಮುಗಿಯುವಾಗ ಶೇ. 75 ಹಾಜರಿ ಇಲ್ಲದವರ ಪಟ್ಟಿ ಗೋಡೆಗೇರಿತು. ಮಿರ್ಚಿ ಬಡಿಸಿದವನ ಹೆಸರು ಅದರಲ್ಲಿ ಇರಲಿಲ್ಲ. ಪ್ರಾಕ್ಸಿ ಕೂಗಿದವನದು ಎಲ್ಲರಿಗಿಂತ ಮೇಲಿತ್ತು. ಇದೆಂಥ ನ್ಯಾಯ, ಮೇಲ್ಮನವಿ ಎಲ್ಲಿ ಸಲ್ಲಿಸಬೇಕು ಎಂದು ಅವನು ಕೂಗಾಡಿದಾಗ, ಸರ್ ಅವರ ಅವ್ವನ ಮನೆಗೆ ಕಾಕಾ ದಾರಿ ಹೇಳಿದರು.