ಕಲಿತದ್ದನ್ನು ಕೈಬಿಟ್ಟು ಕಂಡುಕೊಂಡ ಶೈಲಿ

ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಪ್ರಸ್ತಾಪ ಬಂದಾಗಲೆಲ್ಲ ‘ಪೂರ್ವ–ಪಶ್ಚಿಮಗಳ ಸಂಗಮ’ ಎಂಬ ಸಿದ್ಧ ಮಾತು ಬಂದೇ ಬರುತ್ತದೆ. ತಂದೆ ಸಿಖ್ ಮನೆತನದ ವಿದ್ವಾಂಸರು, ತಾಯಿ ಹಂಗೇರಿಯ ಗಾಯಕಿ, ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟ್‌ನಲ್ಲಿ. ಹಾಗಾಗಿ ಆ ಮಾತು ಸಲೀಸಾಗಿ ಒಪ್ಪಿತವಾಗಿಬಿಡುತ್ತದೆ. ನನಗಾದರೋ ಅದು ಅವರ ದುಡಿಮೆಯನ್ನೇ ಮರೆಮಾಡುವ ಮಾತಾಗಿ ತೋರುತ್ತದೆ. ಅವರ ಚಿತ್ರಗಳನ್ನು ಬರೆದ ಕಾಲಕ್ರಮದಲ್ಲೇ ನೋಡುತ್ತ ಹೋದರೆ, ಕಷ್ಟಪಟ್ಟು ಕಲಿತದ್ದನ್ನು ಒಂದೊಂದಾಗಿ ಕೈಬಿಡುವ ಧೈರ್ಯ ಮಾಡಿದ ಕಲಾವಿದೆಯೊಬ್ಬರು ಕಾಣಿಸುತ್ತಾರೆ.

1929ರಲ್ಲಿ, ಹದಿನಾರರ ವಯಸ್ಸಿಗೆ, ಅವರು ಪ್ಯಾರಿಸ್ಸಿಗೆ ಹೋದರು. ಅಲ್ಲಿನ ಎಕೋಲ್ ದೆ ಬೋಜಾರ್ ಕಲಾಶಾಲೆಯಲ್ಲಿ ಚಿತ್ರಕಾರ ಲೂಸಿಯಾಂ ಸಿಮೋನ್ ಅವರ ಬಳಿ ಪಡೆದ ಶಿಸ್ತಿನ ಫಲ 1932ರ ‘ಯಂಗ್ ಗರ್ಲ್ಸ್’ ಚಿತ್ರದಲ್ಲಿದೆ. ತಂಗಿ ಇಂದಿರಾ ನೆಟ್ಟಗೆ ಕುಳಿತಿದ್ದಾರೆ. ಎದುರಿಗಿರುವ ಗೆಳತಿಯ ಮುಖವನ್ನು ಬಿಚ್ಚಿದ ಕೂದಲು ಮುಚ್ಚಿದೆ. ಬೆಳಕು ಮೈಮೇಲೆ ಬಿದ್ದು ಮಾಂಸಲತೆಯನ್ನು ಎತ್ತಿ ತೋರಿಸುವ ಪರಿಯಲ್ಲಿ ಅಕಾಡೆಮಿಯ ಪಳಗಿದ ಕೈಯನ್ನು ಕಾಣಬಹುದು. ಈ ಚಿತ್ರಕ್ಕೆ ಮರುವರ್ಷವೇ ಚಿನ್ನದ ಪದಕ ಬಂತು. ಮುಂದೆಯೂ ಅದೇ ಬಗೆಯಲ್ಲಿ ಬರೆಯುತ್ತಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

1934ರ ಕೊನೆಗೆ ಭಾರತಕ್ಕೆ ಮರಳಿದ ಮೇಲೆ ಬರೆದ ‘ತ್ರೀ ಗರ್ಲ್ಸ್’ನಲ್ಲಿ ಹಿನ್ನೆಲೆ ಬಹುತೇಕ ಬರಿದಾಗಿದೆ. ಮನೆಯಿಲ್ಲ, ಮರವಿಲ್ಲ, ನೋಟ ತಗ್ಗಿಸಿ ಕುಳಿತ ಮೂವರು ಹೆಣ್ಣುಮಕ್ಕಳು, ಅವರ ಬಟ್ಟೆಯ ಗಾಢ ಬಣ್ಣಗಳು, ಅಷ್ಟೇ. ಫ್ರೆಂಚ್ ಚಿತ್ರಕಾರ ಗೊಗ್ಯಾಂ ಅವರ ಚಿತ್ರಗಳಿಂದ ಕಲಿತ ಸರಳತೆ ಇಲ್ಲಿ ಸ್ಪಷ್ಟವಾಗಿದ್ದರೂ, ಮುಖಗಳ ಮೇಲೆ ನೆರಳು–ಬೆಳಕಿನ ಹಳೆಯ ಅಭ್ಯಾಸ ಇನ್ನೂ ಉಳಿದಿದೆ.

ಆ ಅಭ್ಯಾಸವನ್ನು ಸಡಿಲಿಸಿದ್ದು ಅಜಂತಾ. ಅಲ್ಲಿನ ಭಿತ್ತಿಚಿತ್ರಗಳಲ್ಲಿ ದೇಹ ದುಂಡಗೆ ಕಾಣುವುದು ಒಂದು ಕಿಟಕಿಯಿಂದ ಬಿದ್ದ ಬೆಳಕಿನಿಂದಲ್ಲ, ಬಳುಕುವ ರೇಖೆಯಿಂದ ಮತ್ತು ಅಂಚಿನಲ್ಲಿ ಗಾಢವಾಗುತ್ತ ಹೋಗುವ ಬಣ್ಣದಿಂದ. ಫ್ರೆಂಚ್ ಚಿತ್ರಕಾರ ಸೆಝಾನ್ ಅವರ ಚಿತ್ರಗಳಲ್ಲಿ ಪಳಗಿದ ಕಣ್ಣಿಗೆ ಇದು ಪುರಾತನ ವೈಭವವಾಗಿಯಷ್ಟೇ ಕಾಣದೆ, ತನ್ನದೇ ತೊಡಕಿಗೆ ಸಿಕ್ಕ ಪರಿಹಾರವಾಗಿ ಕಂಡಿರಬೇಕು ಎಂದು ನನ್ನ ನಂಬಿಕೆ. ಬರಿಯ ಭಕ್ತಿಯಿಂದ ಅಜಂತಾವನ್ನು ನಕಲು ಮಾಡಿದವರಿಗೂ ಅಮೃತಾ ಅವರಿಗೂ ಇರುವ ಅಂತರ ಇದೇ. ದಕ್ಷಿಣ ಭಾರತದ ಪ್ರವಾಸದ ನಂತರ, 1937ರಲ್ಲಿ ಬರೆದ ‘ಬ್ರಹ್ಮಚಾರೀಸ್’ ಚಿತ್ರವನ್ನು ನೋಡಿ: ಕಂದು ಮೈಗಳು, ಬಿಳಿ ಪಂಚೆಗಳು. ಆ ಬಿಳಿಯೂ ಒಂದೇ ಬಿಳಿಯಲ್ಲ. ಒಂದು ಕಡೆ ತಣ್ಣಗಿದ್ದರೆ ಇನ್ನೊಂದು ಕಡೆ ಮಣ್ಣಿನ ಬಿಸುಪು ಹೀರಿದಂತಿದೆ. ಐದು ವರ್ಷಗಳ ಹಿಂದೆ ಮೈಯ ಹೊಳಪಿನಿಂದ ಸಾಧಿಸಿದ್ದನ್ನು ಇಲ್ಲಿ ಬಣ್ಣಗಳ ನೆರೆಹೊರೆಯಿಂದಲೇ ಸಾಧಿಸಿದ್ದಾರೆ.

ಚಿತ್ರಕಲಾ ವಿದ್ಯಾರ್ಥಿಗಳಿಗೆ ‘ನಿನ್ನದೇ ಶೈಲಿ ಯಾವುದು’ ಎಂದು ಎರಡನೆಯ ವರ್ಷದಲ್ಲೇ ಕೇಳುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಿಡುವುದಕ್ಕೆ ಏನಾದರೂ ಕೈಯಲ್ಲಿರಬೇಕಾದರೆ ಮೊದಲು ಕಲಿಯಲು ಬಿಡುವು ಕೊಡಬೇಕಲ್ಲವೇ?

ಪಹಾಡಿ (ಹಿಮಾಲಯದ ತಪ್ಪಲಿನ) ಮತ್ತು ಮೊಗಲ್ ಮಿನಿಯೇಚರ್‌ಗಳ, ಅಂದರೆ ಕಿರುಗಾತ್ರದ ಚಿತ್ರಗಳ, ಪ್ರಭಾವದಿಂದ ನಂತರದ ಚಿತ್ರಗಳಲ್ಲಿ ಮನುಷ್ಯರು ಚಿಕ್ಕವರಾಗಿ, ಸುತ್ತಲ ಬಯಲು ಹಿಗ್ಗಿತು. 1941ರ ಡಿಸೆಂಬರ್‌ನಲ್ಲಿ, 28ರ ವಯಸ್ಸಿಗೆ, ಅವರು ಲಾಹೋರಿನಲ್ಲಿ ತೀರಿಕೊಂಡಾಗ ಒಂದು ಕ್ಯಾನ್ವಾಸ್ ಅರ್ಧಕ್ಕೇ ನಿಂತಿತ್ತು. ಮಾಳಿಗೆಯ ಮೇಲಿಂದ ಕಂಡ ಮನೆಗಳು, ಕಪ್ಪು ಎಮ್ಮೆಗಳು. ಗೋಡೆಗಳೆಲ್ಲ ಬಣ್ಣದ ಚಪ್ಪಟೆ ತುಂಡುಗಳಾಗಿವೆ. ಪ್ಯಾರಿಸ್ಸಿನಲ್ಲಿ ಅಷ್ಟು ಶ್ರಮದಿಂದ ಕಲಿತಿದ್ದ ಮನುಷ್ಯದೇಹದ ಮೈಕಟ್ಟಿಗೆ ಅದರಲ್ಲಿ ಜಾಗವೇ ಇಲ್ಲ.