ಮುಖವಾಡ ಬೇಕಿತ್ತು, ಮುಖ ಬೇಡವಾಗಿತ್ತು

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಜೈಂಟ್ ರೋಬೋಟ್ ನೋಡಿದವ್ರು ಯಾರ್ಯಾರಿದೀರಿ ಇಲ್ಲಿ? ವಾಚಲ್ಲಿ ಮಾತಾಡಿದ್ರೆ ಎದ್ದು ಬರೋ ರೋಬೋಟು, ಜಾನಿ ಅನ್ನೋ ಹುಡುಗ. ನಮ್ಮನೇಲಿ ಆಗ ಟಿವಿ ಇರ್ಲಿಲ್ಲ, ಪಕ್ಕದ್ಮನೆ ಅಜ್ಜಿ ನಡುಮನೇಲಿ ಚಾಪೆ ಮೇಲೆ ಹತ್ತು ಹನ್ನೆರಡು ಹುಡುಗ್ರು ಒತ್ಕೊಂಡು ಕೂತು ನೋಡ್ತಿದ್ವಿ, ಇಂಗ್ಲಿಷ್ ಒಂದಕ್ಷರ ಬರ್ತಿರ್ಲಿಲ್ಲ, ಆದ್ರೂ ಕೊನೇ ಎಪಿಸೋಡಲ್ಲಿ ಆ ಹುಡುಗ ಬೇಡ ವಾಪಸ್ ಬಾ ಅಂತ ಕೂಗ್ತಿದ್ರೂ ಕೇಳ್ದೆ ರೋಬೋಟು ಶತ್ರುನ ಹೊತ್ಕೊಂಡು ಆಕಾಶಕ್ಕೆ ಹೋಗಿ ತಾನೂ ನಾಶ ಆಯ್ತಲ್ಲ, ಆವತ್ತು ಯಾರೂ ತುಟಿ ಬಿಚ್ದೆ ಎದ್ದು ಮನೆಗೆ ಹೋದ್ವಿ.

ಅದು ಜಪಾನಿನ ತೋಯೆ ಕಂಪನಿಯವ್ರು 1967ರಲ್ಲಿ ಮಾಡಿದ್ದು ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಅಮೆರಿಕಾದವ್ರು ಡಬ್ ಮಾಡ್ಕೊಂಡಿದ್ರು, ಅವರ ಕೈದಾಟಿ ನಮಗೆ ಬಂತು. ದೈಸಾಕು ಅನ್ನೋ ಹುಡುಗನ್ನ ಜಾನಿ ಮಾಡಿದ್ರು, ಹೆಸರು ಬದಲಾಯ್ತು ನಿಜ, ಆದ್ರೆ ಮುಖ ಅದೇ ಇತ್ತು, ಅಳೋ ಹುಡುಗ ಅದೇ ಹುಡುಗ. ನಾನು ಇವತ್ತು ಬರೀತಿರೋದು ಅದ್ರ ಮುಂದಿನ ಕಾಲದ ಬಗ್ಗೆ, ಅಂದ್ರೆ ಅಮೆರಿಕಾದವ್ರಿಗೆ ಆ ಮುಖಾನೇ ಬೇಡ ಅನ್ನಿಸಿದ ಕಾಲದ ಬಗ್ಗೆ.

ಸ್ಟಾನ್ ಲೀ ಗೊತ್ತಲ್ಲ, ಮಾರ್ವೆಲ್‌ನ ಸ್ಟಾನ್ ಲೀ. ಅವರಿಗೆ ತೋಯೆಯ ಸೂಪರ್ ಸೆಂಟೈ ಸೀರಿಯಲ್ಲು, ಅಂದ್ರೆ ಒಬ್ಬೊಬ್ರು ಒಂದೊಂದು ಬಣ್ಣದ ಡ್ರೆಸ್ ಹಾಕ್ಕೊಂಡು ಹೊಡೆದಾಡೋ ತಂಡದ ಕಥೆ, ತುಂಬಾ ಹಿಡಿಸಿತ್ತು, ಎಂಬತ್ತರ ದಶಕದ ಶುರುವಲ್ಲಿ ಅದನ್ನ ಅಮೆರಿಕಾದ ಚಾನೆಲ್‌ಗಳಿಗೆ ತಗೊಂಡು ಹೋದ್ರು, ಯಾರೂ ಮೂಸಿ ನೋಡ್ಲಿಲ್ಲ. ಸ್ಟಾನ್ ಲೀ ಅಂಥವ್ರಿಗೇ ಹೀಗೆ! ಆಮೇಲೆ 1984ರಲ್ಲಿ ಹೈಮ್ ಸಬಾನ್ ಅನ್ನೋ ಟಿವಿ ನಿರ್ಮಾಪಕರು ಜಪಾನಿನ ಹೋಟೆಲ್ ರೂಮಲ್ಲಿ ಟಿವಿ ಹಾಕಿದಾಗ ಬಣ್ಣಬಣ್ಣದ ಡ್ರೆಸ್ ಹಾಕ್ಕೊಂಡಿದ್ದ ಐದು ಜನ ಕಾಣಿಸಿದ್ರು, ಅಲ್ಲಿಂದ ಹೆಚ್ಚುಕಮ್ಮಿ ಎಂಟು ವರ್ಷ ಅವರೂ ಬಾಗಿಲು ತಟ್ಟಿದ್ರು. ಕೊನೆಗೆ ಅಮೆರಿಕಾದಲ್ಲಿ ಮಕ್ಕಳ ಕಾರ್ಯಕ್ರಮ ಹಾಕ್ತಿದ್ದ ಫಾಕ್ಸ್ ಕಿಡ್ಸ್‌ನ ಮಾರ್ಗರೆಟ್ ಲೋಶ್ ಹೂಂ ಅಂದ್ರು, ಮಾರ್ವೆಲ್‌ನಲ್ಲಿದ್ದಾಗ ಸ್ಟಾನ್ ಲೀ ಜೊತೆ ಇದನ್ನೇ ಮಾರೋಕೆ ಓಡಾಡಿದವ್ರು ಅವರು. 1993 ಆಗಸ್ಟ್ 28ಕ್ಕೆ ಪವರ್ ರೇಂಜರ್ಸ್ ಶುರುವಾಯ್ತು.

ಆದ್ರೆ ಬಂದಿದ್ದು ಹೇಗೆ ನೋಡಿ. ಹೆಲ್ಮೆಟ್ ಹಾಕ್ಕೊಂಡು ಹೊಡೆದಾಡೋದು, ರೋಬೋಟು, ರಾಕ್ಷಸರು ಎಲ್ಲ ಜಪಾನಿನ ಸೀರಿಯಲ್ಲಿಂದ ತಗೊಂಡ ಫೂಟೇಜು. ಹೆಲ್ಮೆಟ್ ತೆಗೆದ ತಕ್ಷಣ ಅಮೆರಿಕಾದ ಹೈಸ್ಕೂಲ್ ಹುಡುಗ್ರು. ಆ ಫೂಟೇಜು ಬಂದಿದ್ದು ಜ್ಯೂರೇಂಜರ್ ಅನ್ನೋ ಸೂಪರ್ ಸೆಂಟೈ ಸೀರಿಯಲ್ಲಿಂದ. ಆ ಮೂಲದಲ್ಲಿ ಹಳದಿ ಡ್ರೆಸ್ಸಿನವನು ಗಂಡು, ಬೋಯ್ ಅಂತ ಅವನ ಹೆಸರು. ಅಮೆರಿಕಾದಲ್ಲಿ ಅವಳು ಟ್ರಿನಿ. ಪಿಂಕ್ ಡ್ರೆಸ್ಸಿಗೆ ಸ್ಕರ್ಟ್ ಇದೆ, ಹಳದಿಗೆ ಇಲ್ಲ, ಯಾಕೆ ಅಂತ ನೋಡೋ ಮಕ್ಳಿಗೆ ಯಾರು ಹೇಳ್ಬೇಕು?

ಇದು ಸಣ್ಣದು. ನನ್ನ ಹೊಟ್ಟೆ ಉರಿಯೋದು ಹಸಿರು ರೇಂಜರ್ ವಿಷಯಕ್ಕೆ. ಮೂಲದಲ್ಲಿ ಅವನ ಹೆಸರು ಬುರೈ, ಕೆಂಪು ರೇಂಜರ್ ಗೆಕಿಯ ಸ್ವಂತ ಅಣ್ಣ. ಅವನ ಆಯಸ್ಸು ಒಂದು ಹಸಿರು ಮೇಣದಬತ್ತಿ. ಕಾಲ ನಿಂತುಹೋಗಿರೋ ಒಂದು ಕೋಣೆ, ಅದರೊಳಗೆ ಇರೋವರೆಗೂ ಏನೂ ಆಗಲ್ಲ, ತಮ್ಮನಿಗೆ ಕಷ್ಟ ಬಂತು ಅಂತ ಹೊರಗೆ ಬಂದಷ್ಟು ಹೊತ್ತೂ ಬತ್ತಿ ಕರಗುತ್ತೆ, ಅದು ಗೊತ್ತಿದ್ದೂ ಅವ್ನು ಪ್ರತಿ ಸಲ ಬರ್ತಾನೆ. ಕೊನೆಗೆ ತಮ್ಮನ ತೋಳಲ್ಲೇ ಸಾಯ್ತಾನೆ, ಅವನ ಬಂಗಾರದ ಕವಚ ತಮ್ಮನಿಗೆ ಸೇರುತ್ತೆ. ಅಮೆರಿಕಾದಲ್ಲೂ ಮೇಣದಬತ್ತಿ ಇತ್ತು, ಆ ಕವಚ ಹಾಕ್ಕೊಂಡ ಕೆಂಪು ರೇಂಜರ್ರೂ ಇದ್ದ, ಯಾಕಂದ್ರೆ ಫೂಟೇಜ್ ಬಿಡೋ ಹಾಗಿಲ್ವಲ್ಲ, ಆದ್ರೆ ಕರಗಿದ್ದು ಬರೀ ಅಲ್ಲಿನ ಹಸಿರು ರೇಂಜರ್ ಟಾಮಿಯ ಪವರ್ರು. ಅಣ್ಣ ಇಲ್ಲ, ತಮ್ಮ ಇಲ್ಲ, ಸಾವಿಲ್ಲ. ಟಾಮಿ ಮಕ್ಳಿಗೆ ಇಷ್ಟ ಆಗ್ಬಿಟ್ಟ ಅಂತ ಜಪಾನಿನಲ್ಲಿ ಜ್ಯೂರೇಂಜರ್ ಆದ್ಮೇಲೆ ಬಂದ ದೈರೇಂಜರ್ ಸೀರಿಯಲ್ಲಿನ ಬಿಳಿ ಡ್ರೆಸ್ ಹಾಕಿ ವಾಪಸ್ ಕರ್ಕೊಂಡು ಬಂದ್ರು. ಜಪಾನಿನಲ್ಲಿ ಆ ಬಿಳಿ ಡ್ರೆಸ್ಸೊಳಗಿದ್ದಿದ್ದು ಒಬ್ಬ ಪುಟ್ಟ ಸ್ಕೂಲ್ ಹುಡುಗ.

ಇನ್ನು ಪವರ್ ರೇಂಜರ್ಸ್ ವಿಲನ್, ಆ ಮಾಟಗಾತಿ ರೀಟಾ. ಅಮೆರಿಕಾದಲ್ಲಿ ಅವಳು ತಲೆನೋವು ಅಂತ ಕಿರುಚೋ ಮುದುಕಿ, ಅಷ್ಟೆ. ಮೂಲದ ಬಂಡೋರಾ ಮಗನ್ನ ಕಳ್ಕೊಂಡ ತಾಯಿ. ಆ ಸಂಕಟಕ್ಕೇ ಸೈತಾನನ ಕೈಗೆ ತನ್ನನ್ನ ಒಪ್ಪಿಸ್ಕೊಂಡವಳು, ಕೊನೇಲಿ ಮಗ ಮತ್ತೆ ಸತ್ತಾಗ ಕಣ್ಣೀರು ಬರುತ್ತೆ, ಆ ಕಣ್ಣೀರಿಗೆ ಅವಳ ಮಂತ್ರಶಕ್ತಿಯೆಲ್ಲ ಹೋಗ್ಬಿಡುತ್ತೆ. ಮಾಚಿಕೋ ಸೋಗಾ ಅನ್ನೋ ಕಲಾವಿದೆ ಮಾಡಿದ್ದು, ಎಂಥಾ ನಟಿ! ಅಮೆರಿಕಾದ ಮಕ್ಳು ಅವರ ಮುಖ ನೋಡಿದ್ರು, ಆದ್ರೆ ಆ ತಾಯಿನ ನೋಡ್ಲೇ ಇಲ್ಲ.

ಫೂಟೇಜಿನ ಕಷ್ಟ ನಿಜವಾಗ್ಲೂ ಕಷ್ಟ, ಅದನ್ನ ಒಪ್ಕೋತೀನಿ. ಎರಡನೇ ಸೀಸನ್ನಿಗೆ ಹಳೇ ಫೂಟೇಜ್ ಸಾಲ್ದೆ ತೋಯೆಯವ್ರಿಗೇ ಹೇಳಿ ಅಮೆರಿಕಾಗೋಸ್ಕರ ಹೊಸದಾಗಿ ಫೈಟ್ ಮಾಡಿಸಿದ್ರು. ಸಬಾನ್ ಅವರದ್ದೇ 1994ರ ವಿಆರ್ ಟ್ರೂಪರ್ಸ್‌ನಲ್ಲಿ ಜಪಾನಿನ ಬೇರೆ ಬೇರೆ ಸೀರಿಯಲ್ ಸೇರಿಸಿ ಹೊಲಿದಿದ್ರು, ಒಬ್ಬ ಹೀರೋ ಮೆಟಾಲ್ಡರ್‌ದು, ಇನ್ನಿಬ್ರು ಸ್ಪೀಲ್ಬಾನ್‌ದು, ಹಾಗಾಗಿ ಡ್ರೆಸ್ ಹಾಕ್ಕೊಂಡ್ಮೇಲೆ ಮೂರೂ ಜನ ಒಟ್ಟಿಗೆ ನಿಂತು ಹೊಡೆದಾಡೋದು ಕಾಣೋದೇ ಅಪರೂಪ. ಫೂಟೇಜ್ ಖಾಲಿ, ಸೀರಿಯಲ್ಲೂ ಖಾಲಿ. 1995ರಲ್ಲಿ ಕಾಮೆನ್ ರೈಡರ್ ಬ್ಲಾಕ್ ಆರ್‌ಎಕ್ಸ್ ಅನ್ನೋ ಜಪಾನಿನ ಸೀರಿಯಲ್ ತಗೊಂಡು ಮಾಸ್ಕ್ಡ್ ರೈಡರ್ ಮಾಡಿದ್ರು, ಜೊತೇಲಿ ಬೆಳೆದ ಗೆಳೆಯನ ಮೇಲೇ ಕೈ ಎತ್ತಬೇಕಾಗಿ ಬಂದವನು ಮೂಲದ ಹೀರೋ, ಅಮೆರಿಕಾದಲ್ಲಿ ಅವನ ಬದ್ಲು ಬೇರೆ ಗ್ರಹದ ರಾಜಕುಮಾರ, ಆ ರಾಜಕುಮಾರನ ಜೊತೆ ತುಪ್ಪಳದ ಒಂದು ಕುಣಿಯೋ ಪ್ರಾಣಿ. 40 ಎಪಿಸೋಡಿಗೆ ನಿಂತ್ಹೋಯ್ತು.

ಸಬಾನ್‌ನ ಬೈಯೋಕೆ ನಂಗೆ ಮನಸ್ಸಿಲ್ಲ. ಅವರು ಎಂಟು ವರ್ಷ ಹಟ ಹಿಡೀದಿದ್ರೆ ಇದ್ಯಾವುದೂ ಇರ್ತಿರ್ಲಿಲ್ಲ. ನಂಗೆ ಬೇಜಾರು ಆ ನಂಬಿಕೆ ಬಗ್ಗೆ, ನಮ್ಮ ಮಕ್ಳು ಜಪಾನಿನ ಮುಖ ನೋಡಲ್ಲ, ಅಕ್ಷರ ಓದಲ್ಲ ಅನ್ನೋ ನಂಬಿಕೆ. ಯಾಕಂದ್ರೆ ಅದು ಸುಳ್ಳು ಅಂತ ಅಮೆರಿಕಾದಲ್ಲೇ ಆಗ್ಲೇ ಗೊತ್ತಾಗಿತ್ತು!

ಹವಾಯಿ. 1974. ಕಿಕು ಅನ್ನೋ ಲೋಕಲ್ ಚಾನೆಲ್ಲು ಕಿಕಾಯ್ಡಾ ಸೀರಿಯಲ್‌ನ ಜಪಾನೀಸ್ ಭಾಷೇಲೇ ಹಾಕ್ತು, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್, ಅಷ್ಟೆ. ಹೀರೋ ಜಿರೋ ಅರ್ಧ ಕೆಂಪು ಅರ್ಧ ನೀಲಿ ರೋಬೋಟು, ಅವನ ಮನಸ್ಸಾಕ್ಷಿಯ ಸರ್ಕ್ಯೂಟು ಪೂರ್ತಿ ಆಗಿಲ್ಲ, ವಿಲನ್ ಕೊಳಲು ಊದಿದ್ರೆ ತಲೆ ಹಿಡ್ಕೊಂಡು ಒದ್ದಾಡ್ತಾನೆ, ಆದ್ರೂ ಸೋಲಲ್ಲ. ಅಲ್ಲಿನ ಮಕ್ಳು ಹುಚ್ಚೆದ್ದು ಹೋದ್ರು. ಅಲ್ಲಿ ಜಪಾನ್ ಮೂಲದವ್ರು ಜಾಸ್ತಿ ಅದಕ್ಕೇ ಅಂತೀರಾ, ಸ್ವಲ್ಪ ನಿಜ, ಆದ್ರೆ ಆ ಮಕ್ಳೂ ಸ್ಕೂಲಲ್ಲಿ ಇಂಗ್ಲಿಷ್ ಮಾತಾಡೋ ಮಕ್ಳೇ ತಾನೆ, ಅವರೂ ಆ ಸಬ್‌ಟೈಟಲ್ ಓದ್ಕೊಂಡೇ ನೋಡಿದ್ದು. 2002ರಲ್ಲಿ ಹವಾಯಿ ಗವರ್ನರ್ ಏಪ್ರಿಲ್ 12ನ್ನ ಜನರೇಷನ್ ಕಿಕಾಯ್ಡಾ ದಿನ ಅಂತ ಘೋಷಿಸಿದ್ರು. ಜಿರೋ ಪಾತ್ರ ಮಾಡಿದ ದೈಸುಕೆ ಬಾನ್ ಅವರನ್ನ ಆ ಊರಿನ ಜನ ಇವತ್ತಿಗೂ ಮನೆಮಗನ ಥರ ನೋಡ್ತಾರೆ.

ಅದೇ ಜ್ಯೂರೇಂಜರ್ ಹಾಗೇ, ಅದೇ ಮುಖಗಳ ಜೊತೆ, ಸಬ್‌ಟೈಟಲ್ ಹಾಕಿ ಅಮೆರಿಕಾದಲ್ಲಿ ಡಿವಿಡಿ ಆಗಿ ಬಂದಿದ್ದು 2015ರಲ್ಲಿ. ಪವರ್ ರೇಂಜರ್ಸ್ ಬಂದು 20 ವರ್ಷದ ಮೇಲಾಗಿತ್ತು, ಮೊದಲು ನೋಡಿದ ಮಕ್ಳಿಗೆ ಅಷ್ಟೊತ್ತಿಗೆ ಮಕ್ಳಾಗಿದ್ವು.

ನಾನೀಗ ಮಗನ ಜೊತೆ ಕಿಕಾಯ್ಡಾ ನೋಡ್ತಿದೀನಿ, 43 ಎಪಿಸೋಡಲ್ಲಿ 17 ಮುಗೀತು. ಅವನಿಗೆ ಓದೋದು ಇನ್ನೂ ನಿಧಾನ, ಸಬ್‌ಟೈಟಲ್‌ನ ನಾನೇ ಕನ್ನಡದಲ್ಲಿ ಹೇಳ್ತೀನಿ, ಕೊಳಲು ಶುರುವಾದ ತಕ್ಷಣ ಅವನೇ ಅಪ್ಪ ಸುಮ್ನಿರು ಅಂತಾನೆ. ಜೈಂಟ್ ರೋಬೋಟ್ ನೋಡಿದ್ದವ್ರು ಯಾರಾದ್ರೂ ಇದ್ರೆ ಕೆಳಗೆ ಬರೀರಿ, ಯಾವ ಊರು, ಯಾರ ಮನೇಲಿ ನೋಡಿದ್ರಿ ಅಂತ.