ಅಮೆರಿಕಾದಿಂದ ಬರೋ ಗ್ಯಾಜೆಟ್ಟು, ಅದನ್ನ ಚಾರ್ಜಿಗೆ ಹಾಕೋ ಸೊಸೆ

ವಯಸ್ಸಾದೋರಿಗೆ ಟೆಕ್ನಾಲಜಿ ಅಂತ ಎಲ್ಲಾದ್ರೂ ಏನಾದ್ರೂ ಬಂದ್ರೆ ಸಾಕು, ನಮ್ಮ ಫ್ಯಾಮಿಲಿ ಗ್ರೂಪಿಗೆ ಯಾರಾದ್ರೂ ತಂದು ಹಾಕೇ ಹಾಕ್ತಾರೆ. ಮೊನ್ನೆ ಜಪಾನಿನ ಪ್ಯಾರೊ ಅನ್ನೋ ಸೀಲ್ ಮರಿ ರೋಬೋಟಿನ ವಿಡಿಯೋ ಬಂತು, ಮರೆವಿನ ಕಾಯಿಲೆ ಇರೋರ ತೊಡೆ ಮೇಲೆ ಇಟ್ರೆ ಸವರಿದ ಹಾಗೆಲ್ಲ ಕಣ್ಣು ಮಿಟುಕ್ಸುತ್ತೆ, ಸಣ್ಣಗೆ ಕೂಗುತ್ತೆ. ನಮ್ಮನೇಲಿ ಆ ಕೆಲ್ಸಕ್ಕೆ ಬೆಕ್ಕಿದೆ, ಚಾರ್ಜ್ ಮಾಡೋ ರಗಳೆ ಇಲ್ಲ. ತಮಾಷೆ ಇರ್ಲಿ, ನಾನಿದನ್ನ ಬರೀತಿರೋದು ಯಾಕಂದ್ರೆ ಈ ವಿಷ್ಯದ ಬಗ್ಗೆ ಬರೆಯೋರು ಒಂದೋ ಮಾರೋರು, ಇಲ್ಲ ದೂರದಲ್ಲಿರೋ ಮಕ್ಕಳು. ರಾತ್ರಿ ಎರಡು ಗಂಟೆಗೆ ಎದ್ದು ಚಾದರ ಬದಲಾಯ್ಸೋರು ಬರ್ಯಲ್ಲ, ಅವ್ರಿಗೆ ಪುರುಸೊತ್ತಿರಲ್ಲ.

ನಾವಿರೋದು ತೀರ್ಥಹಳ್ಳಿಯಿಂದ ಒಳಗೆ. ಮಾವ ಪೋಸ್ಟಾಫೀಸಲ್ಲಿದ್ದು ರಿಟೈರ್ ಆದೋರು, ಸ್ಟ್ರೋಕ್ ಆದ್ಮೇಲೆ ಬಲಗೈ ಬಲಗಾಲಿಗೆ ಶಕ್ತಿ ಇಲ್ಲ. ಅತ್ತೆ ಓಡಾಡ್ಕೊಂಡಿದಾರೆ ಆದ್ರೆ ಮರೆವು, ಬೆಳಿಗ್ಗೆ ತಿಂದ ದೋಸೆ ಮಧ್ಯಾಹ್ನಕ್ಕೆ ನೆನಪಿರಲ್ಲ, ಮದುವೆಗೆ ಮುಂಚಿನ ತವರುಮನೆ ಹಸುಗಳ ಹೆಸ್ರು ಒಂದೂ ತಪ್ಪಲ್ಲ. ನಮ್ಮನೆಯವ್ರು ತೋಟ, ಸೊಸೈಟಿ ಅಂತ ಹೊರಗೆ. ಮೈದುನ ಅಮೆರಿಕಾದಲ್ಲಿ. ಒಳ್ಳೆ ಹುಡುಗ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನ ಅವ್ನೂ ಓದ್ತಾನೆ, ಮತ್ತೆ ಮುಂದೆ ಬರೋದನ್ನೆಲ್ಲ ನಾನು ಅವ್ನ ಮುಂದೇನೇ ಹೇಳಿ ಆಗಿದೆ.

ಅವ್ನು ಅಮ್ಮಂಗೆ ಅಂತ ಒಂದು ವಾಚು ಕಳ್ಸಿದ. ಬಿದ್ರೆ ಅದಕ್ಕೇ ಗೊತ್ತಾಗಿ ಮನೆಯೋರಿಗೆ ಮೆಸೇಜ್ ಹೋಗುತ್ತೆ. ಐಡಿಯಾ ಕೆಟ್ಟದ್ದಲ್ಲ, ಒಬ್ಬೊಬ್ರೇ ಇರೋ ಮನೆಗಳಲ್ಲಿ ಅದು ಜೀವ ಉಳ್ಸೋ ವಸ್ತುನೇ. ಆದ್ರೆ ಅದನ್ನ ದಿನಾ ಚಾರ್ಜಿಗೆ ಹಾಕ್ಬೇಕು, ಹಾಕೋದು ನಾನು. ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟಿದ್ದನ್ನ ಅತ್ತೆ ಎಲ್ಲಿಟ್ರು ಅಂತ ಅಕ್ಕಿ ಡಬ್ಬಿಯಿಂದ ಹಿಡಿದು ದೇವರ ಪೆಟ್ಟಿಗೆ ತನಕ ಹುಡುಕೋದೂ ನಾನು. ಇನ್ನು ಅವ್ರು ಒಗೆಯೋ ಕಲ್ಲಿನ ಮೇಲೆ ಸೀರೆ ಕುಕ್ಕಿದ್ರೆ ವಾಚಿಗೆ ಅದು ಬಿದ್ದಂಗೇ ಕಾಣುತ್ತೆ. ಅಲ್ಲಿ ಮೈದುನಂಗೆ ನಡುರಾತ್ರಿ ಅಲಾರಂ, ಅವ್ನು ಗಾಬರಿಯಾಗಿ ನಂಗೆ ಫೋನು, ನಾನು ಒಲೆ ಮೇಲೆ ಹಾಲಿಟ್ಟೋಳು ಓಡಿ ಹೋಗಿ ನೋಡಿದ್ರೆ ಅತ್ತೆ ಆರಾಮಾಗಿ ಸೀರೆ ಹಿಂಡ್ತಿದಾರೆ, ಇತ್ಲಾಗೆ ಹಾಲು ಉಕ್ಕಿರುತ್ತೆ.

ವಾಚಾದ್ರೂ ಪರ್ವಾಗಿಲ್ಲ, ಕ್ಯಾಮೆರಾ ಬಂತಲ್ಲ ಅದು ಬೇರೇನೇ ಕಥೆ. ಹಾಲಲ್ಲಿ ಒಂದು, ಮಾವನ ರೂಮಲ್ಲಿ ಒಂದು. ಅದರಲ್ಲಿ ಮಾತಾಡೋಕೂ ಆಗುತ್ತೆ. ಒಂದಿನ ಸಂಜೆ ಅತ್ತೆ ಒಬ್ರೇ ಹಾಲಲ್ಲಿ ಬತ್ತಿ ಹೊಸೀತಾ ಕೂತಿದ್ರು, ಗೋಡೆಯಿಂದ ಇದ್ದಕ್ಕಿದ್ದಂಗೆ "ಅಮ್ಮಾ, ಊಟ ಆಯ್ತಾ" ಅಂತ ಮಗನ ದನಿ. ಅತ್ತೆ ಎದ್ದು ಬಾಗಿಲ ಹಿಂದೆ ನೋಡಿದ್ರು, ಉಪ್ಪರಿಗೆ ಮೆಟ್ಲ ಹತ್ರ ಹೋಗಿ ಕರೆದ್ರು, ಆಮೇಲೆ ಅಂಗಳಕ್ಕೆ ಇಳಿದು "ಬಂದ ಕಣೆ, ಬ್ಯಾಗು ಎಲ್ಲಿಟ್ನೋ" ಅಂತ ಕತ್ಲೆ ಆಗೋ ತನಕ ಹುಡುಕಿದ್ರು. ಆ ರಾತ್ರಿ ಎರಡು ತಟ್ಟೆ ಜಾಸ್ತಿ ಹಾಕ್ಸಿದ್ರು. ಮರೆವಿರೋರಿಗೆ ಮುಖ ಕಾಣದೇ ಇರೋ ದನಿ ಏನು ಮಾಡುತ್ತೆ ಅಂತ ಆ ಡಬ್ಬದ ಮೇಲೆ ಎಲ್ಲೂ ಬರ್ದಿರ್ಲಿಲ್ಲ. ವಿಡಿಯೋ ಕಾಲಲ್ಲಿ ಮಗನ ಮುಖ ನೋಡಿದ್ರೆ ಅದೇ ಅತ್ತೆ ಖುಷಿಯಾಗಿ ಮಾತಾಡ್ತಾರೆ, ಅದು ಬೇರೆ.

ಇನ್ನೊಂದು ಮಾತು, ಇದನ್ನ ಯಾರೂ ಹೇಳಲ್ಲ. ಅಮ್ಮನ್ನ ನೋಡ್ಕೊಳ್ಳೋಕೆ ಅಂತ ಇಟ್ಟ ಕ್ಯಾಮೆರಾದಲ್ಲಿ ಅಮ್ಮನ್ನ ನೋಡ್ಕೊಳ್ಳೋಳೂ ಕಾಣ್ತಾಳೆ. ನಾನು ಎಷ್ಟೊತ್ತಿಗೆ ಕೂತೆ, ಮಾವಂಗೆ ಗಂಜಿ ಎಷ್ಟೊತ್ತಿಗೆ ಕೊಟ್ಟೆ, ದನಿ ಏರಿಸಿದ್ನಾ, ಎಲ್ಲ. ಹೋಮ್ ನರ್ಸ್ ಹುಡುಗಿ ಒಬ್ಳು ಇದ್ಲು, ಅವ್ಳಂತೂ ಕ್ಯಾಮೆರಾ ನೋಡಿದ್ದೇ "ಅಕ್ಕಾ, ನಂಗೆ ಬಟ್ಟೆ ಬದಲಾಯ್ಸೋ ಜಾಗ ಯಾವ್ದು" ಅಂತ ಕೇಳಿದ್ಲು. ಮಾವನ ಡಯಾಪರ್ ಬದಲಾಯ್ಸೋ ರೂಮಲ್ಲಿ ಕ್ಯಾಮೆರಾ ಇಡ್ಬೋದಾ ಅಂತ ಮಾವನ್ನ ಕೇಳ್ದೋರು ಯಾರು? ಅವ್ರಿಗೆ ಮಾತು ತೊದಲುತ್ತೆ ಅಷ್ಟೇ, ಮರ್ಯಾದೆ ತೊದಲಿಲ್ಲ. ಈಗ ರೂಮಿಂದು ತೆಗ್ದಿದೀವಿ, ಹಾಲಿಂದು ಬಾಗಿಲ ಕಡೆ ತಿರುಗ್ಸಿದೀವಿ.

ಹಂಗಂತ ನಾನು ಟೆಕ್ನಾಲಜಿ ವಿರೋಧಿ ಅಲ್ಲ. ನನ್ನ ವಾದ ಇಷ್ಟೇ, ವಸ್ತು ತರೋಕೆ ಮುಂಚೆ "ಇದು ಬಂದ್ಮೇಲೆ ಮನೇಲಿರೋರ ಕೆಲ್ಸ ಕಮ್ಮಿ ಆಗುತ್ತಾ ಜಾಸ್ತಿ ಆಗುತ್ತಾ" ಅಂತ ಕೇಳಿ, ಅದೂ ಮನೇಲಿರೋರನ್ನೇ ಕೇಳಿ. ದೂರದಲ್ಲಿರೋರ ಆತಂಕ ಕಮ್ಮಿ ಮಾಡೋ ವಸ್ತು ಬೇರೆ, ಹತ್ರ ಇರೋರ ಸೊಂಟನೋವು ಕಮ್ಮಿ ಮಾಡೋ ವಸ್ತು ಬೇರೆ. ಕೇಂದ್ರ ಸರ್ಕಾರದ 2024ರ ಟೈಮ್ ಯೂಸ್ ಸರ್ವೆ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ. 41ರಷ್ಟು ಜನ ಮನೆಯೋರನ್ನ ನೋಡ್ಕೊಳ್ಳೋ ಕೆಲ್ಸ ಮಾಡ್ತಾರೆ, ಗಂಡಸರಲ್ಲಿ ಶೇ. 21 ಚಿಲ್ಲರೆ. ಮಕ್ಕಳನ್ನ ನೋಡ್ಕೊಳ್ಳೋದೂ ಅದ್ರಲ್ಲೇ ಸೇರಿದೆ, ಆದ್ರೂ ಲೆಕ್ಕ ಅರ್ಥ ಆಗುತ್ತಲ್ಲ.

ನಮ್ಮನೇಲಿ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದೆಲ್ಲ ಸಣ್ಣ ಸಣ್ಣದು. ಬಚ್ಚಲಿಗೆ ಹೋಗೋ ದಾರೀಲಿ ಆಳು ಬಂದ್ರೆ ತಾನಾಗೇ ಹತ್ತೋ ಲೈಟು, ಅದು ಸೆಲ್ಲಿಂದು, ಕರೆಂಟ್ ಹೋದ್ರೂ ಉರಿಯುತ್ತೆ. ವೈರಿಲ್ಲದ ಕಾಲಿಂಗ್ ಬೆಲ್ಲು, ಬಟನ್ನು ಮಾವನ ಎಡಗೈ ಹತ್ರ, ಬೆಲ್ಲು ಅಡುಗೆ ಮನೇಲಿ, ಕೂಗಿ ಕೂಗಿ ಸುಸ್ತಾಗೋದು ತಪ್ಪಿತು. ಬಾಗಿಲು ತೆಗೆದ್ರೆ ಟಿಣ್ ಅನ್ನೋ ಸೆನ್ಸರು, ಅತ್ತೆ ರಾತ್ರಿ ಎದ್ದು "ಮನೆಗೆ ಹೋಗ್ತೀನಿ" ಅಂತ ಹೊರಡ್ತಾರಲ್ಲ ಅದಕ್ಕೆ. ಜಿಪಿಎಸ್ ಪೆಂಡೆಂಟ್ ಹಾಕ್ಸಿ ಅಂದ್ರು ಕೆಲವ್ರು, ನಮ್ಮ ತೋಟದಲ್ಲಿ ಸಿಗ್ನಲ್ಲೇ ಇಲ್ಲ, ಮಳೆಗಾಲದಲ್ಲಂತೂ ಮನೆ ಒಳಗೂ ಇಲ್ಲ, ಅದಕ್ಕೆ ಅತ್ತೆ ಸರದಲ್ಲಿ ಹೆಸ್ರು ಫೋನ್ ನಂಬರ್ ಕೆತ್ತಿರೋ ಬಿಲ್ಲೆ ಹಾಕ್ಸಿದೀವಿ. ಬಿಪಿ ಮಷೀನು, ಮಣಿಕಟ್ಟಿಗೆ ಕಟ್ಟೋದಲ್ಲ, ತೋಳಿಗೆ ಕಟ್ಟೋದು, ಅದೂ ಸ್ಟ್ರೋಕ್ ಆಗದೇ ಇರೋ ತೋಳಿಗೆ.

ಏರ್ ಬೆಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಮಲಗಿರೋರು ಮನೇಲಿದ್ರೆ ಮೊದ್ಲು ತಗೊಳ್ಬೇಕಾಗಿದ್ದು ಅದು. ಹಾಸಿಗೇಲಿ ಗಾಳಿಯ ಸಾಲು ಸಾಲು ಕೋಣೆ ಇರ್ತವೆ, ಪಂಪು ಒಂದು ಸಾಲು ಉಬ್ಸಿ ಇನ್ನೊಂದು ಸಾಲು ಇಳ್ಸಿ ಅದಲು ಬದಲು ಮಾಡ್ತಾ ಇರುತ್ತೆ, ಒಂದೇ ಜಾಗಕ್ಕೆ ಭಾರ ಬಿದ್ದು ರಕ್ತ ಓಡದೇ ಬೆನ್ನು ಹುಣ್ಣಾಗೋದು ಕಮ್ಮಿ ಆಗುತ್ತೆ. ಆದ್ರೂ ಮಗ್ಗುಲು ಬದಲಾಯ್ಸೋದು ತಪ್ಪಲ್ಲ. ಮತ್ತೆ ಅದು ಕರೆಂಟಿಂದು. ನಮ್ಮ ಕಡೆ ಜುಲೈ ಮಳೇಲಿ ಮರ ಬಿದ್ದು ಲೈನ್ ಹೋದ್ರೆ ಲೈನ್‌ಮ್ಯಾನ್ ಪಾಪ ಯಾವಾಗ ಬರ್ತಾನೋ, ಆಗ ಪಂಪ್ ನಿಂತ್ರೆ ಎರಡೆರಡು ಗಂಟೆಗೆ ಒಂದ್ಸಲ ನಾವೇ ತಿರುಗ್ಸಿ ಮಲಗಿಸ್ಬೇಕು. ಪಂಪಿಗೆ ಇನ್ವರ್ಟರ್ ಲೈನ್ ಕೊಡ್ಸಿದ ದಿನ ನಾನು ನಿದ್ದೆ ಮಾಡಿದೆ.

ದೊಡ್ಡ ವ್ಯವಸ್ಥೆಲೂ ಒಳ್ಳೇದು ಬಂದಿದೆ, ಅದನ್ನೂ ಹೇಳ್ಬೇಕು. ಪೆನ್ಷನ್ ಬರೋರು ವರ್ಷ ವರ್ಷ ಬದುಕಿದೀನಿ ಅಂತ ಸರ್ಟಿಫಿಕೇಟ್ ಕೊಡ್ಬೇಕಲ್ಲ. 2014ರಲ್ಲಿ ಜೀವನ್ ಪ್ರಮಾಣ್ ಅಂತ ಅದೇ ಸರ್ಟಿಫಿಕೇಟು ಡಿಜಿಟಲ್ ಆಗಿ ಬಂದಾಗ ಬೆರಳಚ್ಚು ಒತ್ಬೇಕಿತ್ತು, ಇಲ್ಲಾಂದ್ರೆ ಕಣ್ಣು ತೋರ್ಸ್ಬೇಕಿತ್ತು, ಆದ್ರೆ ವಯಸ್ಸಾದೋರ ಬೆರಳಲ್ಲಿ ಗೆರೆ ಎಲ್ಲಿರುತ್ತೆ, ಅದೂ ರಿಟೈರ್ ಆದ್ಮೇಲೂ ತೋಟದಲ್ಲಿ ಅಡಿಕೆ ಸುಲಿದ ಬೆರಳಲ್ಲಿ. ಒತ್ತಿದ್ದೇ ಒತ್ತಿದ್ದು, ಮಷೀನು ಒಪ್ಪಲ್ಲ. 2021ರಿಂದ ಮುಖ ತೋರ್ಸಿದ್ರೆ ಸಾಕು ಅಂತ ಆಯ್ತು, ಮಂಚದ ಪಕ್ಕ ಕೂತು ಫೋನಲ್ಲೇ ಮಾಡ್ಬೋದು. ಫೋನ್ ಗೊತ್ತಾಗದಿದ್ರೆ ಪೋಸ್ಟ್‌ಮ್ಯಾನೇ ಮನೆಗೆ ಬಂದು 70 ರೂಪಾಯಿಗೆ ಮಾಡ್ಕೊಡ್ತಾರೆ, ಇದು 2020ರಿಂದ ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಮ್ಮನೇಲಿ ಮಾವ ಪೋಸ್ಟ್‌ಮ್ಯಾನ್ ಬರ್ಲಿ ಅಂತಾರೆ, ಇಲಾಖೆ ಸುದ್ದಿ ಮಾತಾಡೋಕೆ. 80 ದಾಟಿದ ಕೇಂದ್ರ ಪೆನ್ಷನರ್ಸು ಉಳಿದೋರ ಹಾಗೆ ನವೆಂಬರ್ ತನಕ ಕಾಯ್ಬೇಕಿಲ್ಲ, ಅಕ್ಟೋಬರ್ 1ರಿಂದಾನೇ ಕೊಡ್ಬೋದು.

ಡಾಕ್ಟ್ರ ವಿಡಿಯೋ ಕಾಲು ಕೂಡ ಹಾಗೇ. 2020ರ ಮಾರ್ಚಲ್ಲಿ ಟೆಲಿಮೆಡಿಸಿನ್ ನಿಯಮ ಬಂದ್ಮೇಲೆ ಡಾಕ್ಟ್ರು ದೂರದಿಂದ ನೋಡಿ ಔಷಧಿ ಬರೆಯೋದಕ್ಕೆ ಒಂದು ಕ್ರಮ ಅಂತ ಆಯ್ತು. ಎಲ್ಲ ಔಷಧಿ ಹಂಗೆ ಬರ್ಕೊಡೋ ಹಾಗಿಲ್ಲ, ಮುಟ್ಟಿ ನೋಡ್ಬೇಕಾದ್ರೆ ಹೋಗ್ಲೇಬೇಕು. ಆದ್ರೆ ಬರೀ ಮಾತ್ರೆ ಡೋಸ್ ಹೆಚ್ಚು ಕಮ್ಮಿ ಮಾಡೋಕೆ ಮಾವನ್ನ ಎತ್ತಿ ಕಾರಲ್ಲಿ ಕೂರ್ಸಿ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಹೋಗಿ ಬರೋದು ತಪ್ಪಿದೆಯಲ್ಲ, ಅದು ಗೊತ್ತಿರೋರಿಗೆ ಗೊತ್ತು.

ದುಡ್ಡಿನ ವಿಷ್ಯ. ಪೊಲೀಸ್ ಅಂತ ಸುಳ್ಳು ಹೇಳಿ ವಿಡಿಯೋ ಕಾಲಲ್ಲೇ ಡಿಜಿಟಲ್ ಅರೆಸ್ಟ್ ಅಂತ ಹೆದ್ರಿಸಿ ದುಡ್ಡು ಕೀಳೋರಿಗೆ ವಯಸ್ಸಾದೋರೇ ಸಿಗ್ತಾರೆ, ಆ ಥರ ಅರೆಸ್ಟೇ ನಮ್ಮ ಕಾನೂನಲ್ಲಿಲ್ಲ ಅಂತ ಅಪ್ಪ ಅಮ್ಮಂಗೆ ದಿನಾ ಹೇಳಿ, ಮೋಸ ಆದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಇನ್ನು ಪಿನ್ನು ಸೊಸೆಗೆ ಹೇಳೋದಾ ಬೇಡ್ವಾ ಅಂತ ಮನೆ ಮನೇಲೂ ಒಂದು ಸಣ್ಣ ಕೋಲ್ಡ್ ವಾರ್ ಇರುತ್ತೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ಅಂತ ಇದೆ ನೋಡಿ, ಮಾವನ ಅಕೌಂಟಿಂದ ನಾನು ಮೆಡಿಕಲ್ ಶಾಪಿಗೆ ಕೊಡ್ಬೋದು, ತಿಂಗಳಿಗೆ 15,000 ರೂಪಾಯಿ ಮಿತಿ, ಅವ್ರ ಪಿನ್ನು ನಂಗೆ ಬೇಕಿಲ್ಲ. ಬಿಲ್ಲು ಅವ್ರ ಫೋನಲ್ಲೂ ಕಾಣುತ್ತೆ. ಮಾವ ಅದನ್ನ ಒಂದೊಂದಾಗಿ ಓದ್ಸಿ ಕೇಳ್ತಾರೆ, ಕೇಳ್ಲಿ, ಅವ್ರ ದುಡ್ಡು.

ನೋಡ್ಕೊಳ್ಳೋರಿಗೆ ಅಂತಾನೇ ಇರೋದು ಕಮ್ಮಿ. ಹಿರಿಯರ ಸಹಾಯವಾಣಿ 14567, ಅದಕ್ಕೆ ನಾವೂ ಫೋನ್ ಮಾಡ್ಬೋದು. ತಲೆ ಕೆಟ್ಟು ಅಳು ಬಂದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲಿ ಮಾತಾಡ್ತಾರೆ, ರಾತ್ರಿನೂ ಎತ್ತುತಾರೆ, ದುಡ್ಡಿಲ್ಲ. ನಮ್ಮ ನಿಮ್ಹಾನ್ಸೇ ಅದಕ್ಕೆ ಮುಂದಾಳು.

ಆದ್ರೆ ನಂಗೆ ನಿಜವಾಗಿ ಬೇಕಾಗಿರೋ ಆ್ಯಪನ್ನ ಇನ್ನೂ ಯಾರೂ ಮಾಡಿಲ್ಲ. ಮೂರು ದಿನ ತವರಿಗೆ ಹೋಗ್ಬೇಕು, ನಂಬಿಕೆಯ ಒಬ್ರು ಮನೇಲಿ ಬಂದಿರ್ತಾರೆ ಅನ್ನೋದು. ಬೆಂಗ್ಳೂರಲ್ಲಿ ಏಜೆನ್ಸಿಗಳಿವೆ, ತಾಲೂಕಲ್ಲಿ ಎಲ್ಲಿ ಹುಡುಕೋದು. ಅದಕ್ಕೆ ಸದ್ಯಕ್ಕೆ ವಾಟ್ಸಾಪೇ ಗತಿ. ತೀರ್ಥಹಳ್ಳಿ, ಕೊಪ್ಪ, ಹೊಸನಗರ ಕಡೆ ಹಿಂಗೆ ಮನೇಲಿ ಹಿರಿಯರನ್ನ ನೋಡ್ಕೊಳ್ತಿರೋರು ಇದ್ರೆ ಇನ್‌ಬಾಕ್ಸ್ ಮಾಡಿ, ಒಂದು ಗ್ರೂಪ್ ಮಾಡೋಣ. ನಿಮ್ಮ ನಾದಿನಿ ಮದುವೆಗೆ ನಾನು ಬಂದು ಇರ್ತೀನಿ, ನಮ್ಮ ಕಡೆ ಏನಾದ್ರೂ ಆದ್ರೆ ನೀವು ಬನ್ನಿ. ವಾಕರ್, ವೀಲ್‌ಚೇರ್, ಕಮೋಡ್ ಕುರ್ಚಿ ಸುಮ್ನೆ ಅಟ್ಟದಲ್ಲಿ ಬಿದ್ದಿರೋರು ಅದನ್ನೂ ಹಾಕಿ. ಒಂದೇ ರೂಲ್ಸು, ಗುಡ್ ಮಾರ್ನಿಂಗ್ ಮೆಸೇಜ್ ಹಾಕಿದ್ರೆ ತೆಗೆದು ಹಾಕ್ತೀನಿ.